ತಲೆಗೆ ಎಷ್ಟು ಲೀಟರ್? ತುಮಕೂರು–ಬೆಂಗಳೂರು ಓಡಾಟದ ಇಂಧನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಗಾಡಿ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು, "ಲೀಟರಿಗೆ ಎಷ್ಟು ಕೊಡುತ್ತೆ?" ಅಂತ. ಎರಡು ಬೈಕುಗಳನ್ನು ಹೋಲಿಸಲು ಅಷ್ಟು ಸಾಕು. ಆದರೆ ಬಸ್ಸು, ಕಾರು, ಬೈಕುಗಳನ್ನು ಒಟ್ಟಿಗೆ ತೂಗಬೇಕಾದರೆ ಇನ್ನೊಂದು ಪ್ರಶ್ನೆ ಬೇಕು: ತಲೆಗೆ ಎಷ್ಟು ಬಿತ್ತು?

ಇಲ್ಲಿಂದ ಬೆಂಗಳೂರಿಗೆ 70 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 5 ಕಿಲೋಮೀಟರ್ ಓಡುವ ಬಸ್ಸಿಗೆ 14 ಲೀಟರ್ ಡೀಸೆಲ್ ಬೇಕು. 50 ಸೀಟೂ ತುಂಬಿದ್ದರೆ ತಲೆಗೆ 280 ಮಿಲಿ. ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ 4.7 ಲೀಟರ್ ಪೆಟ್ರೋಲ್. ನಾಲ್ವರಾದರೆ ತಲೆಗೆ 1.2 ಲೀಟರ್. 50 ಕೊಡುವ ಬೈಕಿನಲ್ಲಿ ಒಬ್ಬರಿಗೆ 1.4 ಲೀಟರ್. ಈಗ ನೋಡಿ, ಅದೇ ಬಸ್ಸಿನಲ್ಲಿ ಹತ್ತೇ ಜನ ಕೂತಿದ್ದರೆ ತಲೆಗೆ 1.4 ಲೀಟರ್, ಬೈಕಿನಷ್ಟೇ! ಬಸ್ಸು ಇಂಧನ ಉಳಿಸುವುದು ಸೀಟು ತುಂಬಿದಾಗ. ಸರಿಯಾದ ಹೊತ್ತಿಗೆ ಬಸ್ಸು ಬಿಡುವುದು, ಜನ ಅದನ್ನು ನಂಬಿ ಬರುವುದು, ಇವೂ ಮೈಲೇಜಿನ ವಿಷಯವೇ ಎಂದು ನಾನು ಹೇಳುತ್ತೇನೆ.

ಇಂಧನ ಹೋಗುವುದೆಲ್ಲಿಗೆ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿಯಿದೆ, ಡೀಸೆಲಿನಲ್ಲಿ 10. ಪೆಟ್ರೋಲ್ ಎಂಜಿನ್ ಅದರಲ್ಲಿ ಚಕ್ರಕ್ಕೆ ಮುಟ್ಟಿಸುವುದು ಕಾಲು ಭಾಗದ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಎಂಜಿನ್, ಸೈಲೆನ್ಸರ್‌ಗಳಿಂದ ಬಿಸಿಯಾಗಿ ಹೋಗುತ್ತದೆ. ಚಕ್ರಕ್ಕೆ ಮುಟ್ಟಿದ್ದನ್ನು ಟಯರ್, ಎದುರುಗಾಳಿ, ಬ್ರೇಕು ಹಂಚಿಕೊಳ್ಳುತ್ತವೆ.

ಬ್ರೇಕಿನ ಪಾಲು ನಮಗೆ ಅಂದಾಜೇ ಇರುವುದಿಲ್ಲ. ಜನ ತುಂಬಿದ 15 ಟನ್ ಬಸ್ಸು ಗಂಟೆಗೆ 60ರ ವೇಗದಿಂದ ಪೂರ್ತಿ ನಿಂತು, ಮತ್ತೆ 60ಕ್ಕೆ ಏರಬೇಕಾದರೆ ಅಷ್ಟಕ್ಕೇ ಸುಮಾರು 150 ಮಿಲಿ ಡೀಸೆಲ್ ಬೇಕು. 30ರ ವೇಗದಿಂದ ನಿಂತರೆ ಅದರ ಕಾಲು ಭಾಗ ಸಾಕು. ಹಂಪು, ಟೋಲು, ದಾಬಸ್‌ಪೇಟೆ, ನೆಲಮಂಗಲ, ಗೊರಗುಂಟೆಪಾಳ್ಯದ ಸಿಗ್ನಲ್ಲು ಎಂದು ಸೇರಿಸುತ್ತಾ ಹೋಗಿ. ಮುಂದೆ ಕೆಂಪು ದೀಪ ಕಂಡಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಆ ಡೀಸೆಲಿನಲ್ಲಿ ಒಂದಷ್ಟು ಉಳಿಯುತ್ತದೆ. ಆಗ ಗಾಡಿ ಗೇರಿನಲ್ಲೇ ಇರಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯ ಎಂಬುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಜೊತೆಗೆ ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಗಾಳಿಯದ್ದು ಹೈವೇಯ ಖರ್ಚು. 80ರಿಂದ 100ಕ್ಕೆ ಏರಿದರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು.

ಇನ್ನು ರೈಲು. ಒಂದು ಟನ್ ಭಾರವನ್ನು ಡಾಂಬರಿನ ಮೇಲೆ ಉರುಳಿಸಲು ಸುಮಾರು 10 ಕೆಜಿಯಷ್ಟು ಎಳೆತ ಬೇಕು; ಹಳಿಯ ಮೇಲೆ ಒಂದೆರಡು ಕೆಜಿ ಸಾಕು. ರಬ್ಬರ್ ಸುತ್ತುಸುತ್ತಿಗೂ ಅದುಮಿ ಬಿಡುತ್ತದೆ, ಉಕ್ಕಿನ ಚಕ್ರ ಅಷ್ಟು ಅದುಮುವುದಿಲ್ಲ. ಓಡಿ ನಿಂತ ಬಸ್ಸಿನ ಟಯರ್ ಮುಟ್ಟಿ ನೋಡಿ, ಆ ಬಿಸಿಯೂ ಡೀಸೆಲ್ಲೇ. ನಮ್ಮ ಮಾರ್ಗಕ್ಕೆ ವಿದ್ಯುತ್ ತಂತಿ ಬಂದಿದೆ, ಹೊಸ ಮಾದರಿಯ ಎಂಜಿನ್ನುಗಳು ಬ್ರೇಕ್ ಹಾಕುವಾಗ ಕರೆಂಟನ್ನು ತಂತಿಗೇ ವಾಪಸ್ ಕೊಡುತ್ತವೆ. ಆದರೆ ಒಂದು ಬೋಗಿಯ ತೂಕವೇ 40 ಟನ್ ಹತ್ತಿರ. ಅದರೊಳಗೆ 90 ಜನರ ತೂಕ ಐದಾರು ಟನ್. ಖಾಲಿ ಓಡಿದರೆ ಕಬ್ಬಿಣ ಹೊತ್ತು ತಿರುಗಿದಂತೆ. ಬೆಳಗಿನ ಕಿಕ್ಕಿರಿದ ಗಾಡಿಗೆ ಸಾಟಿಯಿಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಊರೊಳಗೆ 45 ಕಿಲೋಮೀಟರಿಗೆ, ಚಾರ್ಜರ್ ನಷ್ಟ ಸೇರಿ, ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ ಒಂದು ಲೀಟರ್, ಅಂದರೆ 9 ಯೂನಿಟ್. ಕಲ್ಲಿದ್ದಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಆ ಲೆಕ್ಕ ಹಿಡಿದರೂ ಖರ್ಚು ಅರ್ಧ. ನಮ್ಮದೇ ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹಗಲು ಗ್ರಿಡ್ಡಿಗೆ ಕರೆಂಟು ಕೊಡುತ್ತದೆ. ಹಾಗಾಗಿ ಆಫೀಸಿನಲ್ಲಿ ಹಗಲೇ ಚಾರ್ಜ್ ಮಾಡುವ ಅನುಕೂಲವಿದ್ದರೆ ಬಿಡಬೇಡಿ.

ಬೈಕಿನವರು ಮನೆಯಲ್ಲೇ ನೋಡಿಕೊಳ್ಳಬೇಕಾದದ್ದು: ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ತಕ್ಷಣ ನಿಂತರೆ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಚೈನ್ ಬಿಗಿಯಾಗಿದೆ. ಸಾಮಾನ್ಯ ಬೈಕುಗಳಲ್ಲಿ ಚೈನಿಗೆ 20ರಿಂದ 30 ಮಿಲಿಮೀಟರ್ ಸಡಿಲ ಇರಬೇಕು. ಟಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ನೋಡಿ. ಓಡಿದ ಮೇಲೆ ಬಿಸಿಗೆ ಗೇಜ್ ಹೆಚ್ಚು ತೋರಿಸುತ್ತದೆ.

ಮೈಲೇಜ್ ಅಳೆಯುವಾಗ ಟ್ಯಾಂಕ್ ಫುಲ್ ಮಾಡಿಸಿ, ನಳಿಕೆ ತಾನಾಗಿ ಕಟ್ ಆದಲ್ಲಿಗೇ ನಿಲ್ಲಿಸಿ, ಮೀಟರ್ ಬರೆದುಕೊಳ್ಳಿ. ಕನಿಷ್ಠ 200 ಕಿಲೋಮೀಟರ್ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ದೂರವನ್ನು ಈ ಎರಡನೇ ಸಲ ತುಂಬಿಸಿದ ಲೀಟರಿನಿಂದ ಭಾಗಿಸಬೇಕು, ಮೊದಲನೇ ಸಲದ್ದರಿಂದ ಅಲ್ಲ.