ಮೇಷ್ಟ್ರೂ ಲೈಬ್ರರಿಯನ್ನೂ ಮೊದಲೇ ಕೂತು ಮಾತಾಡಲಿ

ಕೇಳುಗರಿಗೆ ನಮಸ್ಕಾರ.

ಏಳನೇ ಕ್ಲಾಸಿನ ಮಕ್ಕಳಿಗೆ ‘ನಮ್ಮೂರ ಕೆರೆ’ ಅಂತ ಒಂದು ಪ್ರಾಜೆಕ್ಟ್ ಕೊಟ್ಟರು ಅಂತಿಟ್ಟುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಮಗು ಸ್ಟೇಷನರಿ ಅಂಗಡಿಯಲ್ಲಿ ಚಿತ್ರಗಳ ಚಾರ್ಟ್ ಕೊಂಡು, ಕತ್ತರಿಸಿ ಅಂಟಿಸುತ್ತದೆ. ಅಪ್ಪನ ಮೊಬೈಲಿನಲ್ಲಿ ಸಿಕ್ಕಿದ್ದನ್ನು ಸ್ಕೆಚ್ ಪೆನ್ನಿನಲ್ಲಿ ಇಳಿಸುತ್ತದೆ. ಬಣ್ಣ ಚೆನ್ನಾಗಿದ್ದರೆ ಮಾರ್ಕ್ಸೂ ಸಿಗುತ್ತದೆ. ಊರಿನ ಕೆರೆ ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ.

ಮಗುವನ್ನು ದೂರಿ ಏನು ಪ್ರಯೋಜನ? ನಾವು ವಿಷಯ ಕೊಟ್ಟೆವು, ಪ್ರಶ್ನೆ ಹುಟ್ಟುವವರೆಗೆ ಕಾಯಲಿಲ್ಲ. ಹುಡುಕು ಅಂದೆವು, ಹುಡುಕುವಾಗ ಜೊತೆಗಿರಲಿಲ್ಲ.

ಕ್ಯಾರಲ್ ಕುಲ್‌ಥಾವ್ ಅಮೆರಿಕದ ನ್ಯೂಜೆರ್ಸಿಯಲ್ಲಿ ಶಾಲಾ ಲೈಬ್ರರಿಯನ್ ಆಗಿದ್ದವರು. ಆಮೇಲೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಹೈಸ್ಕೂಲು ಮಕ್ಕಳು ಹೀಗೆ ಹುಡುಕುವಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಅಂತ 1980ರ ದಶಕದಲ್ಲಿ ಹತ್ತಿರದಿಂದ ನೋಡಿದರು. ಆರು ಹಂತ ಗುರುತಿಸಿದರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮೂರನೆಯದು. ವಿಷಯ ಆರಿಸಿಕೊಂಡಾಗ ಮಗುವಿಗೆ ಹುರುಪು ಇರುತ್ತದೆ. ಓದಲು ಶುರು ಮಾಡಿದ ಮೇಲೆ ಗೊಂದಲ ಜಾಸ್ತಿಯಾಗುತ್ತದೆ. ಒಂದು ಪುಸ್ತಕ ಹೀಗೆ ಅನ್ನುತ್ತದೆ, ಇನ್ನೊಂದು ಹಾಗೆ ಅನ್ನುತ್ತದೆ. ‘ನನಗೆ ಬರಲ್ಲ’ ಅಂತ ಮಗು ಕೈಚೆಲ್ಲುವುದು, ಸುಮ್ನೆ ನಕಲು ಮಾಡುವುದು ಅಲ್ಲೇ. ತನ್ನದೇ ಪ್ರಶ್ನೆ ಹೊಳೆಯುವುದೂ ಆ ಗೊಂದಲ ದಾಟಿದ ಮೇಲೆಯೇ. ಮೂವತ್ತು ನಲವತ್ತು ಮಕ್ಕಳು ಒಟ್ಟಿಗೆ ಆ ಹಂತಕ್ಕೆ ಬಂದರೆ ಒಬ್ಬ ಮೇಷ್ಟ್ರು ಏನು ಮಾಡಿಯಾರು?

ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬರಿಗಾಗಿ ಹುದ್ದೆಯೇ ಇದೆ, ಟೀಚರ್ ಲೈಬ್ರರಿಯನ್ ಅಂತ. ಶಿಕ್ಷಕರ ತರಬೇತಿ, ಗ್ರಂಥಾಲಯದ ತರಬೇತಿ ಎರಡೂ ಆದವರು. ಆದರೂ ಅಲ್ಲೂ ತೊಡಕಿದೆ. ನ್ಯೂ ಸೌತ್ ವೇಲ್ಸ್‌ನ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಲೈಬ್ರರಿ ಪೀರಿಯಡ್ಡೇ ಕ್ಲಾಸ್ ಟೀಚರಿಗೆ ಬಿಡುವಿನ ಪೀರಿಯಡ್. ಮಕ್ಕಳನ್ನು ಒಪ್ಪಿಸಿ ಅವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇಬ್ಬರೂ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಸಿಗುವುದೇ ಕಷ್ಟ. ಹುದ್ದೆ ಇದ್ದರೆ ಸಾಲದು, ಟೈಮ್‌ಟೇಬಲ್ಲಿನಲ್ಲೂ ಜಾಗ ಬೇಕು.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಲೈಬ್ರರಿಯನ್ ಇರುವುದಿಲ್ಲ. ಯಾರೋ ಒಬ್ಬ ಮೇಷ್ಟ್ರ ಹತ್ತಿರ ಪುಸ್ತಕದ ಬೀರುವಿನ ಕೀಲಿ ಇರುತ್ತದೆ, ಅಷ್ಟೆ. ಆದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ ಅಲ್ವಾ? 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಅಲ್ಲಿ ಕೂತಿರುವವರಿಗೆ ಊರೂ ಗೊತ್ತು, ಮಕ್ಕಳೂ ಗೊತ್ತು.

ಈಗ ಆ ಕೆರೆಯನ್ನೇ ತೆಗೆದುಕೊಳ್ಳಿ. ವಿಷಯ ಕೊಡುವ ಮೊದಲೇ ಮೇಷ್ಟ್ರು, ಪಂಚಾಯಿತಿ ಲೈಬ್ರರಿಯವರು ಇಬ್ಬರೂ ಅರ್ಧ ಗಂಟೆ ಕೂತು ಮಾತಾಡಲಿ. ಮಕ್ಕಳನ್ನು ಏರಿಯ ಮೇಲೆ ನಡೆಸುವುದು ಮೇಷ್ಟ್ರ ಕೆಲಸ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಕಣ್ಣಾರೆ ನೋಡಲಿ. ‘ಈ ಕೋಡಿ ಹರಿದು ಎಷ್ಟು ವರ್ಷ ಆಯ್ತು ಸಾರ್?’ ಅಂತ ಒಬ್ಬಳು ಕೇಳುತ್ತಾಳೆ. ಪ್ರಾಜೆಕ್ಟ್ ಅಲ್ಲಿಂದ ಶುರು. ಅಷ್ಟರಲ್ಲಿ ಲೈಬ್ರರಿಯಲ್ಲಿ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರಗಳಿರುವ ಸರ್ಕಾರಿ ಪುಸ್ತಕ, ತೆಗೆದಿಟ್ಟಿರಬೇಕು. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ, ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ. ನಿಮ್ಮ ತಾಲ್ಲೂಕಿನಲ್ಲಿ ಕೆರೆ ಕಟ್ಟಿಸಿದ ಶಾಸನ ಇದ್ದರೂ ಇರಬಹುದು. ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದ ಅಜ್ಜ ಇದ್ದರೆ ಲೈಬ್ರರಿಗೇ ಕರೆಸಿ.

ಅಜ್ಜ ಹೇಳಿದ್ದಕ್ಕೂ ಗೆಜೆಟಿಯರಿನಲ್ಲಿ ಬರೆದಿದ್ದಕ್ಕೂ ತಾಳೆಯಾಗದಾಗ ಮಕ್ಕಳು ದೊಡ್ಡವರ ಮುಖ ನೋಡುತ್ತಾರೆ. ದಯವಿಟ್ಟು ಉತ್ತರ ಹೇಳಿಬಿಡಬೇಡಿ. ‘ಇವರಿಗೆ ಹೇಗೆ ಗೊತ್ತಾಯ್ತು, ಅವರಿಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಆ ವಾರ ಇಬ್ಬರೂ ಅಲ್ಲಿರಬೇಕು, ಒಬ್ಬರು ನೋಟ್ಸ್ ಬರೆಯುವವರ ಪಕ್ಕ, ಇನ್ನೊಬ್ಬರು ದಾರಿ ತೋಚದೆ ಕೂತವರ ಪಕ್ಕ. ಬರೆದು ಒಪ್ಪಿಸುವ ವಾರಕ್ಕೆ ಒಬ್ಬರಿದ್ದರೂ ನಡೆಯುತ್ತದೆ.

ನಮಸ್ಕಾರ.