ಬರೀ ನೆಟ್ ನೋಡ್ಲಿಕ್ಕಲ್ರೀ?

ನಮಸ್ಕಾರ. ವಿಜಯಪುರದಿಂದ ಮಾತಾಡುತ್ತಿದ್ದೇನೆ. ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಕೇಳಿ ಕೇಳಿ ನನಗೆ ಸಿಟ್ಟು ಬಂದಿರುವ ಒಂದು ಮಾತಿದೆ. ಇವತ್ತು ಅದರ ಬಗ್ಗೆ.

ಅಂಗಡಿಗೆ ಕಾಲಿಟ್ಟ ಕೂಡಲೇ ‘ಏನ್ ಕೆಲಸಕ್ಕ ಬೇಕ್ರೀ ಸರ?’ ಅಂತ ಕೇಳುತ್ತಾರೆ. ನಾವು ‘ಏನಿಲ್ರೀ, ಮನಿಯಾಗ ನೆಟ್ ನೋಡ್ಲಿಕ್ಕ’ ಅನ್ನುತ್ತೇವೆ. ತಕ್ಷಣ ಅವರು ‘ಬರೀ ನೆಟ್ ನೋಡ್ಲಿಕ್ಕಲ್ರೀ? ಹಂಗಾರ ಇದು ಸಾಕಾಗ್ತದ ತಗೋರಿ’ ಅಂತ ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ಎತ್ತಿ ಮುಂದಿಡುತ್ತಾರೆ.

ಆ ‘ಬರೀ’ ಅನ್ನುವ ಪದವೇ ತಪ್ಪು. ಸಾಮಾನ್ಯ ಮನೆಯಲ್ಲಿ ಲ್ಯಾಪ್‌ಟಾಪ್ ಮಾಡುವ ಕೆಲಸಗಳಲ್ಲಿ ಅತಿ ಭಾರದ್ದು ನೆಟ್ ನೋಡುವುದೇ. ಅರ್ಜಿ ಟೈಪ್ ಮಾಡುವುದು ಹಗುರ. ಅಂಗಡಿ ಲೆಕ್ಕ ಹಾಕುವುದು ಹಗುರ. ಪೆನ್ ಡ್ರೈವ್ ಸಿಕ್ಕಿಸಿ ಸಿನಿಮಾ ನೋಡುವುದೂ ಹಗುರ. ಆದರೆ ಇವತ್ತಿನ ಒಂದು ಸುದ್ದಿ ಪುಟ ತೆರೆಯಿರಿ. ತಾನೇ ಓಡುವ ವಿಡಿಯೊ, ನಾಲ್ಕು ಕಡೆ ಜಾಹೀರಾತು, ಹಿಂದೆ ಕಾಣದಂತೆ ಓಡುವ ಹತ್ತಾರು ಪುಟ್ಟ ಪ್ರೋಗ್ರಾಂಗಳು. ಬ್ರೌಸರ್ ಹೆಚ್ಚುಕಡಿಮೆ ಒಂದೊಂದು ಟ್ಯಾಬನ್ನೂ ಬೇರೆ ಬೇರೆಯಾಗಿ ನಡೆಸುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಡಬಾರದು ಅಂತ. ಒಳ್ಳೆಯ ಏರ್ಪಾಡೇ, ಆದರೆ ಅದಕ್ಕೆ ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ, ಅಂದರೆ ರ್‍ಯಾಮ್ ಬೇಕು.

ನನ್ನ ಅಕ್ಕನ ಮಗಳ ಕಥೆ ಹೇಳುತ್ತೇನೆ. ಅವರೂರು ನಮ್ಮ ಜಿಲ್ಲೆಯ ಇಂಡಿ. ಹುಡುಗಿ ಸಿಇಟಿ ಬರೆದಿದ್ದಳು. ಭಾವ 23,000 ರೂಪಾಯಿ ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದರು. ಅವರಿಗೆ ಅದು ಸಣ್ಣ ದುಡ್ಡಲ್ಲ. ಆಪ್ಷನ್ ಎಂಟ್ರಿ ದಿನ ಬಂತು. ಅದು ಹೇಗಿರುತ್ತದೆ ಅಂತ ಮನೆಯಲ್ಲಿ ಮಕ್ಕಳಿದ್ದವರಿಗೆ ಗೊತ್ತು. ಯಾವ ಕಾಲೇಜು, ಯಾವ ಕೋರ್ಸು, ಯಾವುದು ಮೊದಲು, ಯಾವುದು ಆಮೇಲೆ. ಆ ಕ್ರಮದ ಮೇಲೇ ಸೀಟು ನಿಂತಿದೆ. ಅವಳು ಗೆರೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಕಾಲೇಜು ಕೋಡುಗಳನ್ನು ಸಾಲಾಗಿ ಬರೆದುಕೊಂಡಿದ್ದಳು. ಅಳಿಸಿ, ಮೇಲೆ ಬರೆದು, ಬಾಣದ ಗುರುತು ಹಾಕಿ. ಒಂದು ಟ್ಯಾಬಿನಲ್ಲಿ ಆಪ್ಷನ್ ಪುಟ, ಒಂದರಲ್ಲಿ ಹಿಂದಿನ ವರ್ಷದ ಕಟಾಫ್ ಪಿಡಿಎಫ್, ಒಂದರಲ್ಲಿ ಫೀ ಪಟ್ಟಿ, ಇನ್ನೊಂದರಲ್ಲಿ ಮ್ಯಾಪ್.

ಇಪ್ಪತ್ತನೆಯ ಕಾಲೇಜಿಗೆ ಬರುವಷ್ಟರಲ್ಲಿ ಪರದೆ ಬೆಳ್ಳಗಾಯಿತು. ಸುತ್ತುವ ಗುಂಡು ಮಾತ್ರ ಕಾಣುತ್ತಿತ್ತು. ಪುಟ ಮರಳಿ ಬಂದಾಗ ಲಾಗಿನ್ ಹೋಗಿತ್ತು. ಮತ್ತೆ ಶುರು, ಮತ್ತೆ ಬಿಳಿ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್. ‘ಮಾಮಾ, ಇದು ನಿಂತ ಬಿಟ್ಟದ’ ಅಂದಳು. ದನಿ ನಡುಗುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ 40 ನಿಮಿಷಕ್ಕೆ ಎಲ್ಲ ಮುಗಿಯಿತು.

ಅವಳ ಜೊತೆ ಆ ಲ್ಯಾಪ್‌ಟಾಪೂ ಬಂದಿತ್ತು. ನಾಲ್ಕು ಟ್ಯಾಬ್ ತೆರೆದು, ಮಷೀನಿನ ಮೇಲೆ ಎಷ್ಟು ಹೊರೆ ಇದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಿದೆ. ಮೆಮೊರಿ ಶೇ 94. ಡಿಸ್ಕ್ ಶೇ 100. ಒಳಗಿದ್ದದ್ದು 4 ಜಿಬಿ ರ್‍ಯಾಮ್. ವಿಂಡೋಸ್ 11 ತಾನು ಎದ್ದು ಕೂರುವುದಕ್ಕೇ ಎರಡು-ಎರಡೂವರೆ ಜಿಬಿ ತಿನ್ನುತ್ತದೆ. ಉಳಿದದ್ದರಲ್ಲಿ ಬ್ರೌಸರ್ ಏನು ಮಾಡಬೇಕು? ಜಾಗ ಸಾಲದಿದ್ದಾಗ ವಿಂಡೋಸ್ ಸ್ವಲ್ಪ ಭಾಗವನ್ನು ಡಿಸ್ಕಿಗೆ ತುಂಬಿಸುತ್ತದೆ, ಬೇಕಾದಾಗ ತೆಗೆಯುತ್ತದೆ. ಆ ಡಿಸ್ಕ್ ಕೂಡ ಎಸ್‌ಎಸ್‌ಡಿ ಅನ್ನುವ ವೇಗದ ಬಗೆಯದ್ದಾಗಿರಲಿಲ್ಲ. ಬೋರ್ಡಿಗೇ ಬೆಸುಗೆ ಹಾಕಿದ 64 ಜಿಬಿಯ ಇಎಂಎಂಸಿ ಅನ್ನುವ ಅಗ್ಗದ ಸ್ಟೋರೇಜ್ ಚಿಪ್. ನಿಧಾನ, ಮೇಲೆ ಬದಲಿಸಲೂ ಬರುವುದಿಲ್ಲ. ರ್‍ಯಾಮೂ ಬೆಸುಗೆಯದ್ದೇ. ಅಂದರೆ 23,000 ಕೊಟ್ಟು ತಂದ ವಸ್ತುವನ್ನು ರಿಪೇರಿ ಅಂಗಡಿಯವರೂ ಸುಧಾರಿಸಲಾರರು. ಕೆಟ್ಟಿದ್ದರೆ ವಾರಂಟಿ ಕೇಳಬಹುದಿತ್ತು. ಅದು ಕೆಟ್ಟಿರಲಿಲ್ಲ. ಹುಟ್ಟಿದ್ದೇ ಹಾಗೆ.

ಹಾಗಾಗಿ ನನ್ನ ಮಾತು ನೇರ. ದುಡ್ಡು ಕಡಿಮೆ ಇದ್ದರೆ ಅತಿ ಅಗ್ಗದ ಹೊಸದರ ಕಡೆ ಹೋಗಲೇಬೇಡಿ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸು ಲ್ಯಾಪ್‌ಟಾಪ್ ತೆಗೆದುಕೊಳ್ಳಿ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರಲಿ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಸಾಲಿನವು. ಮೂರೂ 2018ರವು, ದಿನವಿಡೀ ಕೆಲಸ ಮಾಡಲಿ ಅಂತಲೇ ಮಾಡಿದವು. ಹಿಂಬದಿ ಬಿಚ್ಚಿದರೆ ರ್‍ಯಾಮ್, ಎಸ್‌ಎಸ್‌ಡಿ ಎರಡನ್ನೂ ಬದಲಿಸಬಹುದು.

2018 ಅಂತ ಸುಮ್ನೆ ಹೇಳಲಿಲ್ಲ. ಇಂಟೆಲ್‌ನ 7ನೇ ಜನರೇಷನ್ನಿನ ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳು) ಇದ್ದ ತೆಳು ಲ್ಯಾಪ್‌ಟಾಪುಗಳಲ್ಲಿ ಐ5 ಅಂದರೂ ಐ7 ಅಂದರೂ ಸಾಮಾನ್ಯವಾಗಿ ಇದ್ದದ್ದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಎರಡೇ ಘಟಕ. 2017ರ ಆಗಸ್ಟಿನಲ್ಲಿ 8ನೇ ಜನರೇಷನ್ ಬಂದಾಗ ಐ5ಕ್ಕೆ ನಾಲ್ಕು ಕೋರ್ ಆದವು. ಒಂದೇ ಏಟಿಗೆ ದುಪ್ಪಟ್ಟು. ಇನ್ನೊಂದು ಕಾರಣ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ 8ನೇ ಜನರೇಷನ್ನಿನಿಂದ ಮುಂದಿನವನ್ನು. ಹಾಗಾಗಿ ‘ಐ7 ಅದ ಸರ, ಭಾರಿ ಮಷೀನ್’ ಅಂದರೆ ಮರುಳಾಗಬೇಡಿ. ಪೂರ್ತಿ ನಂಬರ್ ಓದಿ. ಐ5-8250ಯು ಅಂದರೆ ಮೊದಲ ಅಂಕಿ 8, ಅದೇ ಜನರೇಷನ್. ಐ7-4600ಯು ಅಂದರೆ 4ನೇದು. ಹೆಸರಿನಲ್ಲಿ 7 ಇದ್ದರೂ ಹಳೆಯದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಪರದೆ. ಇಂಗ್ಲಿಷ್ ರಿವ್ಯೂಗಳಲ್ಲಿ ಈ ಮಾತು ನಿಮಗೆ ಸಿಗುವುದಿಲ್ಲ, ಯಾಕೆಂದರೆ ಅವರಿಗೆ ಒತ್ತಕ್ಷರ ಇಲ್ಲ. ನಮ್ಮ ದ ಮತ್ತು ಧ ನೋಡಿ. ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಥ ಅಂದರೆ ಹೊಟ್ಟೆಯಲ್ಲಿ ಒಂದು ಚುಕ್ಕೆ. ‘ರಾಷ್ಟ್ರ’ ಅಂತ ಬರೆದರೆ ಷ ಕೆಳಗೆ ಟ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು. ಇಷ್ಟೆಲ್ಲ ಒಂದು ಅಕ್ಷರದ ಜಾಗದಲ್ಲಿ ಕೂರಬೇಕು. ಅಗ್ಗದ ಪರದೆ 1366×768 ಇರುತ್ತದೆ. ಅಂದರೆ ಚಿತ್ರ ಮೂಡಿಸುವ ಸುಮಾರು 10 ಲಕ್ಷ ಚುಕ್ಕೆ (ಪಿಕ್ಸೆಲ್). ಫುಲ್ ಎಚ್‌ಡಿ 1920×1080, 20 ಲಕ್ಷ ಚುಕ್ಕೆ. ಹದಿನೈದು ಇಂಚಿನ ಅಗ್ಗದ ಪರದೆಯಲ್ಲಿ ಆ ಒತ್ತುಗಳು ಕಲೆಸಿಹೋಗುತ್ತವೆ. ನಮ್ಮ ಅಪ್ಪ ಅದರಲ್ಲಿ ಪಹಣಿ ಓದುವಾಗ ಪರದೆಗೆ ಮೂಗು ತಾಗಿಸುತ್ತಿದ್ದರು. ಕಣ್ಣಿನ ದೋಷ ಅಂತ ಕನ್ನಡಕ ಬದಲಿಸಿದೆವು. ಆಮೇಲೆ ಫುಲ್ ಎಚ್‌ಡಿ ಪರದೆಯ ಮುಂದೆ ಕೂರಿಸಿದೆ. ಬೆನ್ನು ನೇರ ಮಾಡಿ ಕೂತು ಸರ್ವೆ ನಂಬರಿನಿಂದ ಹೆಸರಿನವರೆಗೆ ಒಂದೇ ಉಸಿರಿಗೆ ಓದಿದರು.

ಒಂದು ಎಚ್ಚರಿಕೆ. ಟಿ480 ಅಂತ ಹೆಸರು ನೋಡಿ ಕೊಳ್ಳಬೇಡಿ. ಅದೇ ಹೆಸರಿನಲ್ಲಿ ಎರಡೂ ಬಗೆಯ ಪರದೆ ಬಂದಿವೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಅಂಕಿ ನೋಡಿ. ಪಕ್ಕಕ್ಕೆ ಸರಿದೂ ನೋಡಿ. ಮನೆಯಲ್ಲಿ ಮೂವರು ಒಟ್ಟಿಗೆ ಕೂತು ನೋಡುತ್ತೀರಿ ಅಲ್ವಾ? ಐಪಿಎಸ್ ಪರದೆ ಪಕ್ಕದಿಂದಲೂ ಬಣ್ಣ ಕೆಡದೆ ಕಾಣುತ್ತದೆ. ಟಿಎನ್ ಪರದೆಯಲ್ಲಿ ಬಣ್ಣ ಮಸುಕಾಗುತ್ತದೆ.

ಹಳೆಯದರಲ್ಲಿ ಭಯ ಇಲ್ಲವೇ ಅಂದರೆ, ಇದೆ. ಬ್ಯಾಟರಿ ದೊಡ್ಡ ಭಯ. ಕಮಾಂಡ್ ಪ್ರಾಂಪ್ಟ್ ತೆರೆದು ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜ್), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವ ಚಾರ್ಜ್) ಅಂತ ಎರಡು ಅಂಕಿ ಇರುತ್ತವೆ. 50,000 ಇದ್ದದ್ದು 40,000ಕ್ಕೆ ಇಳಿದಿದ್ದರೆ ನಡೆಯುತ್ತದೆ. 20,000ಕ್ಕೆ ಬಂದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಕರೆಂಟ್ ಹೋದಾಗ ಫಾರ್ಮ್ ತುಂಬುತ್ತಾ ಕೂತವರಿಗೆ ಇದರ ಬೆಲೆ ಗೊತ್ತು. ಎರಡನೆಯದು ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಮೂಲ ಸೆಟ್ಟಿಂಗ್, ಅದರ ಪಾಸ್‌ವರ್ಡ್. ಆಫೀಸಿನಿಂದ ಬಂದ ಕೆಲವಕ್ಕೆ ಹಳೇ ಕಂಪನಿಯ ಬೀಗ ಹಾಗೇ ಉಳಿದಿರುತ್ತದೆ. ಆನ್ ಮಾಡುವಾಗ ಥಿಂಕ್‌ಪ್ಯಾಡ್ ಆದರೆ ಎಫ್1, ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಅದು ಬೇಡವೇ ಬೇಡ. ಬಿಲ್ ಇಲ್ಲದ್ದೂ ಬೇಡ.

ಮತ್ತೆ ನಮ್ಮೂರಿನ ಬಿಸಿಲು, ಧೂಳು. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಹಳೆಯದನ್ನು ತಂದ ಕೂಡಲೇ ಒಮ್ಮೆ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸಿ, ಪ್ರೊಸೆಸರಿಗೆ ಬಿಸಿ ಹೊರಸಾಗಿಸುವ ಥರ್ಮಲ್ ಪೇಸ್ಟ್ ಹಾಕಿಸಿ. ದಯವಿಟ್ಟು ಕೌದಿಯ ಮೇಲೆ ಇಟ್ಟು ಬಳಸಬೇಡಿ. ಗಾಳಿ ಒಳಹೋಗುವ ಕಿಂಡಿ ಅಡಿಯಲ್ಲೇ ಇದೆ.

ಹೊಸದೇ ಬೇಕು ಅನ್ನುವವರಿಗೆ ಇಷ್ಟೇ: 8 ಜಿಬಿ, ಎಸ್‌ಎಸ್‌ಡಿ, ಫುಲ್ ಎಚ್‌ಡಿ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ವಿಂಡೋಸ್ ಬದಲು ಗೂಗಲ್ ವ್ಯವಸ್ಥೆಯಲ್ಲಿ ಓಡುವ ಕ್ರೋಮ್‌ಬುಕ್ ಕೇಳುವವರಿದ್ದಾರೆ. ನೆಟ್ಟಿಗೆ ಚೆನ್ನಾಗಿದೆ. ಆದರೆ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ವಿಂಡೋಸಿನದು. ಮನೆಯಲ್ಲಿ ಯಾರಾದರೂ ನುಡಿಯಲ್ಲಿ ಟೈಪ್ ಮಾಡುವವರಿದ್ದರೆ ಅದರ ಕಡೆ ಹೋಗಬೇಡಿ. ಮನೆಯಲ್ಲಿ ಹಳೇ ಹಾರ್ಡ್ ಡಿಸ್ಕಿನ ಲ್ಯಾಪ್‌ಟಾಪ್ ಮೂಲೆಯಲ್ಲಿ ಬಿದ್ದಿದ್ದರೆ ಮೊದಲು ಅದಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. ಅದು ಉಚಿತ.

ಭಾವ ಈ ಸಲ ನನ್ನನ್ನು ಕರೆದುಕೊಂಡೇ ಅಂಗಡಿಗೆ ಹೋದರು. ಹಳೇ ಆಫೀಸು ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಹುಡುಗಿಯೇ ಮುಂದೆ ಕೂತಳು. ಫೋನಿನ ಹಾಟ್‌ಸ್ಪಾಟ್ ಹಚ್ಚಿ ಹನ್ನೆರಡು ಟ್ಯಾಬ್ ತೆರೆದಳು. ಕಟಾಫ್ ಪಿಡಿಎಫ್ ಇಟ್ಟಳು, ಮ್ಯಾಪ್ ಇಟ್ಟಳು, ಒಂದು ವಿಡಿಯೊ ಓಡಿಸಿಯೂ ಬಿಟ್ಟಳು. ಅಂಗಡಿಯವರು ಪಾಪ ತಾಳ್ಮೆಯಿಂದ ಚಹಾ ತರಿಸಿದರು. ಒಂದಕ್ಕೂ ಪರದೆ ಬೆಳ್ಳಗಾಗಲಿಲ್ಲ. ಕೊನೆಗೆ ಒಂದು ಕನ್ನಡ ಸುದ್ದಿ ಪುಟ ತೆರೆದು, ಸಣ್ಣ ಅಕ್ಷರದಲ್ಲೇ ಬಿಟ್ಟು, ಕುರ್ಚಿ ಹಿಂದಕ್ಕೆ ಸರಿಸಿ ಓದಿದಳು. ‘ಮಾಮಾ, ಒತ್ತು ಸೈತ ಬಿಡಿ ಬಿಡಿ ಕಾಣ್ತದ’ ಅಂದಳು. ಭಾವ ಆಗ ಕಿಸೆಗೆ ಕೈ ಹಾಕಿದರು.