ಕಿಟ್ ಆಮೇಲೆ, ಸ್ಲೈಡ್ ಮೊದಲು

ಜ್ವರ, ಗಂಟಲಲ್ಲಿ ಬಿಳಿ ಪೊರೆ, ಕತ್ತಿನಲ್ಲಿ ಗಂಟು, ಊದಿದ ರೆಪ್ಪೆ: ವೈದ್ಯಮಿತ್ರರೇ, ಇವು ನಿಮಗೆ ಗೊತ್ತಿರುವ ವಿಚಾರ. ಇನ್‌ಫೆಕ್ಷಿಯಸ್ ಮೊನೊನ್ಯೂಕ್ಲಿಯೋಸಿಸ್ (ಚಿಕ್ಕದಾಗಿ ಮೊನೋ, ಒಂದು ವೈರಸ್ ಸೋಂಕು) ಎಂಬ ಅನುಮಾನ ಬಂದಾಗ ಮೊದಲ ವಾರ ಲ್ಯಾಬ್ ಏನು ಹೇಳಬಲ್ಲದು ಎಂಬುದಷ್ಟೇ ಇವತ್ತಿನ ಮಾತು.

ಮೊನೋಸ್ಪಾಟ್ ಎಂಬ ದಿಢೀರ್ ಕಿಟ್ ಪರೀಕ್ಷೆ ನೆಗೆಟಿವ್ ಬಂತು, ಹಾಗಾಗಿ ಮೊನೋ ಅಲ್ಲ. ಈ ತರ್ಕ ಮಕ್ಕಳಲ್ಲಿ ನಡೆಯದು. ಆ ಪರೀಕ್ಷೆ ಹುಡುಕುವುದು ಬೇರೆ ಪ್ರಾಣಿಯ ಕೆಂಪುಕಣಗಳನ್ನು ಗುಂಪುಗಟ್ಟಿಸುವ ಹೆಟೆರೋಫೈಲ್ ಪ್ರತಿಕಾಯವನ್ನು, ವೈರಸ್ಸನ್ನಲ್ಲ. ಅದನ್ನು ಹಿಡಿಯಲು 1932ರಲ್ಲಿ ಪಾಲ್ ಮತ್ತು ಬನೆಲ್ ಕುರಿಯ ಕೆಂಪುಕಣ ಬಳಸಿದರು, ಮೊನೋಸ್ಪಾಟ್‌ನಲ್ಲಿ ಕುದುರೆಯದು. ದೊಡ್ಡವರಲ್ಲೇ ಮೊದಲ ವಾರ ನಾಲ್ಕರಲ್ಲಿ ಒಂದು ಕೇಸು ಕೈತಪ್ಪುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಂತೂ ಎಷ್ಟೋ ಸಲ ಆ ಪ್ರತಿಕಾಯ ಹುಟ್ಟುವುದೇ ಇಲ್ಲ. ಅದಕ್ಕೇ ಹೇಳುವುದು, ಕಿಟ್ ತೆರೆಯುವ ಮುಂಚೆ ಸ್ಲೈಡ್ ನೋಡಿ.

ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ರಕ್ತದ ಸ್ಮಿಯರನ್ನು, ಅಂದರೆ ಗಾಜಿನ ಸ್ಲೈಡಿನ ಮೇಲಿನ ತೆಳು ಲೇಪವನ್ನು, ಎರಡು ಗಂಟೆಯೊಳಗೆ ಎಳೆಯಿರಿ. ಟ್ಯೂಬ್ ಸಂಜೆವರೆಗೆ ಮೇಜಿನ ಮೇಲೆ ಕೂತರೆ ಒಳ್ಳೆಯ ಲಿಂಫೋಸೈಟಿಗೂ (ಒಂದು ಬಗೆಯ ಬಿಳಿ ರಕ್ತಕಣ) ಗುಳ್ಳೆ ಬಂದು, ನ್ಯೂಕ್ಲಿಯಸ್ ಸೊಟ್ಟಗಾಗಿ, ರೋಗದ ವೇಷ ಬರುತ್ತದೆ. ಲೀಶ್‌ಮನ್ ಸ್ಟೇನ್ ಎರಡು ನಿಮಿಷ, ಆಮೇಲೆ ಅದರ ಎರಡರಷ್ಟು 6.8 ಪಿಎಚ್‌ನ ಬಫರ್ ನೀರು, ಎಂಟು ಹತ್ತು ನಿಮಿಷ. ಎಣಿಸುವುದು ಕಣಗಳು ಒಂದಕ್ಕೊಂದು ತಾಗದ ಜಾಗದಲ್ಲಿ. ಆದರೆ ದೊಡ್ಡ ಕಣಗಳು ಅಂಚಿಗೆ, ಬಾಲಕ್ಕೆ ಸರಿದಿರುತ್ತವೆ, ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಕಾಣುವುದೇನು? ದೊಡ್ಡ ಲಿಂಫೋಸೈಟ್, ಧಾರಾಳವಾಗಿ ಹರಡಿದ ತಿಳಿನೀಲಿ ಸೈಟೋಪ್ಲಾಸಂ. ಪಕ್ಕದ ಕೆಂಪುಕಣಕ್ಕೆ ತಾಗಿದಲ್ಲಿ ಅದರ ಅಂಚು ಒಳಕ್ಕೆ ಬಾಗಿ, ಆ ಅಂಚಿನಲ್ಲೇ ನೀಲಿ ದಟ್ಟವಾಗಿರುತ್ತದೆ. 1923ರಲ್ಲಿ ಡೌನಿ ಮತ್ತು ಮೆಕಿನ್ಲೆ ವಿವರಿಸಿದ್ದು ಇವನ್ನೇ. ಒಂದು ಕಣದಂತೆ ಇನ್ನೊಂದಿಲ್ಲ, ಅದೇ ಸಮಾಧಾನ. ರಕ್ತದ ಕ್ಯಾನ್ಸರಾದ ಲ್ಯುಕೇಮಿಯದ ಬ್ಲಾಸ್ಟ್‌ಗಳು (ಬಲಿಯದ ಕಣಗಳು) ಹೆಚ್ಚಾಗಿ ಒಂದೇ ಅಚ್ಚು: ಕಿರಿದಾದ ಸೈಟೋಪ್ಲಾಸಂ, ನಯವಾದ ಕ್ರೊಮಾಟಿನ್, ಎದ್ದು ಕಾಣುವ ನ್ಯೂಕ್ಲಿಯೋಲಸ್. ಹಿಮೋಗ್ಲೋಬಿನ್ ಇಳಿದಿದ್ದರೆ, ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೆ ಸ್ಲೈಡನ್ನು ಇನ್ನೊಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ. ಕೌಂಟರ್ ಯಂತ್ರವನ್ನು ನಂಬಿ ಕೂತವರಿಗೆ ಒಂದು ಮಾತು: ಯಂತ್ರ ಎಷ್ಟೋ ಸಲ ಈ ಕಣಗಳನ್ನು ಮೊನೊಸೈಟ್ ಲೆಕ್ಕಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತದೆ.

ಲಿಂಫೋಸೈಟ್ ಶೇ. 50, ಅದರಲ್ಲಿ ಮೇಲೆ ಹೇಳಿದ ಅಸಹಜ ರೂಪದವು ಶೇ. 10 ಎಂಬ ಪುಸ್ತಕದ ಗಡಿ ಹದಿಹರೆಯದವರಿಗೆ ಸರಿ. ಎರಡು ವರ್ಷದ ಆರೋಗ್ಯವಂತ ಮಗುವಿಗೂ ಶೇ. 50 ಇರುತ್ತದಲ್ಲ! ಅಲ್ಲಿ ಶೇಕಡಾವನ್ನು ಬಿಟ್ಟು ಕಣದ ರೂಪ ನೋಡಿ. ನಮ್ಮಲ್ಲಿ ಮಳೆಗಾಲದ ಡೆಂಗಿಯಲ್ಲೂ ಇಂಥದೇ ಕಣ ಬರುತ್ತದೆ. ಬೀಳುತ್ತಿರುವ ಪ್ಲೇಟ್‌ಲೆಟ್, ಏರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಇದ್ದರೆ ಆ ಕಡೆ ತಿರುಗಿ.

ಫಿಲಡೆಲ್ಫಿಯಾದ ಕಥೆ ಹೇಳದೆ ಬಿಡಲಾರೆ. ವೈರಸ್ ತಜ್ಞರಾದ ಹೆನ್ಲೆ ದಂಪತಿಗಳ ಲ್ಯಾಬಿನ ಒಬ್ಬ ಯುವತಿ ಟೆಕ್ನಿಷಿಯನ್ ರಕ್ತದಲ್ಲಿ ಎಪ್‌ಸ್ಟೈನ್–ಬಾರ್ ವೈರಸ್ ಪ್ರತಿಕಾಯವೇ ಇರಲಿಲ್ಲ, ಆದ್ದರಿಂದ ಅವಳದು ಹೋಲಿಕೆಗೆ ಇಡುವ ನೆಗೆಟಿವ್ ಸೀರಂ. 1964ರಲ್ಲಿ ಸಿಕ್ಕ ಆ ವೈರಸ್ಸಿಗೆ ಆಗ ಆಫ್ರಿಕಾದ ಬರ್ಕಿಟ್ ಗೆಡ್ಡೆ ಎಂಬ ಕ್ಯಾನ್ಸರೊಂದೇ ವಿಳಾಸ. 1967ರಲ್ಲಿ ಆಕೆಗೆ ಮೊನೋ ಬಂತು. ಗುಣವಾಗಿ ಕೆಲಸಕ್ಕೆ ಮರಳಿದಾಗ ಅದೇ ಸೀರಂ ಪಾಸಿಟಿವ್. ಮೊದಲು ಕಲ್ಚರ್‌ನಲ್ಲಿ ಬೆಳೆಯಲೊಲ್ಲದ ಅವಳ ಲಿಂಫೋಸೈಟ್‌ಗಳೂ ಬೆಳೆಯತೊಡಗಿದ್ದವು. ಮೊನೋಗೆ ಕಾರಣ ಈ ವೈರಸ್ಸೇ ಎಂಬುದು ಹೀಗೆ ಬೆಂಚಿನ ಪಕ್ಕದಲ್ಲೇ ಸಿಕ್ಕಿತು, 1968ರಲ್ಲಿ ಪ್ರಕಟವಾಯಿತು.

ಗಡಿಯಾರ ತೋರಿಸುತ್ತಿದ್ದಾರೆ, ಮುಗಿಸುತ್ತೇನೆ. ಸಂಶಯ ಉಳಿದರೆ ವಿಸಿಎ ಐಜಿಎಂ, ಐಜಿಜಿ, ಇಬಿಎನ್‌ಎ (ಇದೇ ವೈರಸ್ಸಿನ ವಿರುದ್ಧದ ಪ್ರತಿಕಾಯಗಳ ಪರೀಕ್ಷೆಗಳು) ಮೂರನ್ನೂ ಒಟ್ಟಿಗೆ ಕೇಳಿ. ಐಜಿಎಂ ಇದ್ದು ಇಬಿಎನ್‌ಎ ಇಲ್ಲದಿದ್ದರೆ ಹೊಸ ಸೋಂಕು. ಇಬಿಎನ್‌ಎ ಬರಲು ವಾರಗಟ್ಟಲೆ ಬೇಕು. ಯಕೃತ್ತಿನ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ಎರಡು ಮೂರು ಪಟ್ಟಾದರೆ ಅದೂ ಆರಂಭದ ಸುಳಿವೇ, ಕಾಮಾಲೆ ಕಾಣಬೇಕೆಂದಿಲ್ಲ. ಸ್ಮಿಯರ್ ನೋಡದೆ ಸ್ಟಿರಾಯ್ಡ್ ಕೊಡಬೇಡಿ, ಲ್ಯುಕೇಮಿಯ ಇದ್ದರೆ ಮುಚ್ಚಿಹೋಗುತ್ತದೆ. ಇನ್ನೊಂದು, ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಮಗುವಿನ ವಯಸ್ಸು, ಜ್ವರದ ಎಷ್ಟನೇ ದಿನ, ಆಂಪಿಸಿಲಿನ್ ಕೊಟ್ಟ ಮೇಲೆ ದದ್ದು ಬಂತೇ, ಇಷ್ಟು ಬರೆಯಿರಿ. ಬರೀ ‘ಜ್ವರ’ ಎಂದು ಗೀಚಿದರೆ ಸ್ಲೈಡ್ ನೋಡುವವರಿಗೆ ಏನು ಹುಡುಕಬೇಕೆಂದೇ ಗೊತ್ತಾಗುವುದಿಲ್ಲ.